ಒಂದನೇ ನಂಬರಿನ ಮನೆ

ನಿರ್ಮಲಾ ಟೀಚರ ಮೇಲೆ ಕೊಟ್ರೇಶನಿಗೆ ಸಿಟ್ಟು ಬಂದದ್ದು ಅವರು ಸುಳ್ಳು ಬರೆದರೆಂದಲ್ಲ. ಬರೆದದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಸಿಟ್ಟು ಬಂದದ್ದೇ ಅದಕ್ಕೆ. ಸುಳ್ಳಾಗಿದ್ದರೆ ವಕೀಲರಿಂದ ಒಂದು ನೋಟಿಸು ಕಳಿಸಿ, ಚಹಾ ಕುಡಿದು ಮರೆತುಬಿಡಬಹುದಿತ್ತು. ಖರೇ ಮಾತಿಗೆ ಏನೆಂದು ನೋಟಿಸು ಕೊಡುವುದು?

ಟೀಚರ ಮನೆ ಬ್ಯಾಡಗಿಯಲ್ಲಿ. ಕೆಲಸ ರಾಣೆಬೆನ್ನೂರಿನ ಒಂದು ಕಾಲೇಜಿನಲ್ಲಿ, ಭೌತಶಾಸ್ತ್ರ ಕಲಿಸುವುದು. ಹಾವೇರಿಯಿಂದ ಬರುವ ಪತ್ರಿಕೆಯೊಂದರ ಭಾನುವಾರದ ಪುಟದಲ್ಲಿ ಅವರದೊಂದು ಅಂಕಣ ಬರುತ್ತಿತ್ತು. ಯಾವ ಫೋನಿನ ಬ್ಯಾಟರಿ ವರ್ಷ ತುಂಬುವುದರೊಳಗೆ ಉಬ್ಬುತ್ತದೆ, ಯಾವ ಟಿವಿಯವರು ಮಾರುವ ತನಕ ಅಣ್ಣಾ ಅಕ್ಕಾ ಎಂದು ಕೆಟ್ಟ ಮೇಲೆ ಫೋನೇ ಎತ್ತುವುದಿಲ್ಲ, ಒಂದು ಮನೆಗೆ ಎಷ್ಟು ವೇಗದ ಇಂಟರ್ನೆಟ್ಟು ಸಾಕು ಮತ್ತು ಅದರ ಮೇಲಿನದೆಲ್ಲ ಹೇಗೆ ಬರೀ ದೌಲತ್ತು, ಇಂಥವೇ ಮಾತು. ಜನ ಆ ಅಂಕಣವನ್ನು ಕತ್ತರಿಸಿ ಕಿಸೆಯಲ್ಲಿಟ್ಟುಕೊಂಡು ಅಂಗಡಿಗೆ ಹೋಗುತ್ತಿದ್ದರು. ಕೊಟ್ರೇಶ ಕೂಡ ತನ್ನ ಮನೆಯ ಫ್ರಿಜ್ಜನ್ನು ಅದನ್ನು ಓದಿಯೇ ಕೊಂಡಿದ್ದ, ಮತ್ತು ಫ್ರಿಜ್ಜು ಇವತ್ತಿಗೂ ಚೆನ್ನಾಗಿ ನಡೆಯುತ್ತಿತ್ತು. ಅದೂ ಈಗ ಹೊಟ್ಟೆ ಉರಿಸುವ ವಿಷಯವೇ ಆಗಿತ್ತು.

ಆ ಭಾನುವಾರ ಟೀಚರು ಹೀಗೆ ಬರೆದಿದ್ದರು: "ನಮ್ಮ ಮೆಣಸಿನಕಾಯಿ ಪೇಟೆಯಲ್ಲಿ ತಕ್ಕಡಿಗೆ ಸರದಿ ಇದೆ. ಯಾರ ಚೀಲ ಮೊದಲು ಬಂತೋ ಅದೇ ಮೊದಲು ತೂಗಬೇಕು. ಇಂಟರ್ನೆಟ್ಟಿಗೂ ಅದೇ ನ್ಯಾಯ. ನಾವು ತಿಂಗಳಿಗಿಷ್ಟು ಎಂದು ದಾರಿಗೆ ಬಾಡಿಗೆ ಕೊಟ್ಟಿದ್ದೇವೆ. ಆ ದಾರಿಯಲ್ಲಿ ನಾವು ಯಾವ ಸಿನಿಮಾ ತರಿಸಿಕೊಳ್ಳುತ್ತೇವೆ, ಯಾವ ಪಾಠ ತರಿಸಿಕೊಳ್ಳುತ್ತೇವೆ ಎಂದು ದಾರಿಯವನು ಕೇಳುವಂತಿಲ್ಲ. ಆದರೆ ನಮ್ಮೂರಿನ ಒಂದು ಕಂಪನಿ ಸಂಜೆ ಏಳರಿಂದ ಹತ್ತರವರೆಗೆ ಬೇರೆಲ್ಲ ವಿಡಿಯೋಗಳ ಕುತ್ತಿಗೆ ಹಿಡಿದು, ತನ್ನ ಸ್ವಂತದ ಸಿನಿಮಾ ಆ್ಯಪನ್ನು ಮಾತ್ರ ಸರಾಗ ಬಿಡುತ್ತಿದೆ." ಕಂಪನಿಯ ಹೆಸರು ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಸ್ವಂತದ ಸಿನಿಮಾ ಆ್ಯಪು ಇಟ್ಟುಕೊಂಡ ಕಂಪನಿ ಬ್ಯಾಡಗಿಯಲ್ಲಿ ಒಂದೇ ಇತ್ತು. ಅದರ ಹೆಸರು ಮಿಂಚು ಫೈಬರ್, ಅದರ ಮಾಲೀಕ ಕೊಟ್ರೇಶ.

ಕೊಟ್ರೇಶನಿಗೂ ಈ ವಿಷಯದಲ್ಲಿ ಒಂದು ಅಭಿಪ್ರಾಯವಿತ್ತು. ದಾರಿ ಹಾಕಿದವನು ಅವನು. ಹನ್ನೊಂದು ವರ್ಷ ಕಂಬದಿಂದ ಕಂಬಕ್ಕೆ ವೈರು ಎಳೆದು, ಮಂಗಗಳು ಜೋತಾಡಿ ಹರಿದದ್ದನ್ನು ಮತ್ತೆ ಜೋಡಿಸಿ, ಬ್ಯಾಡಗಿ, ರಾಣೆಬೆನ್ನೂರು, ಹಾವೇರಿ ಮೂರೂ ಊರು ಸೇರಿಸಿ ನಾಲ್ಕು ಸಾವಿರ ಮನೆಗೆ ಮುಟ್ಟಿಸಿದವನು ಅವನು. ಹಾಗಿದ್ದ ಮೇಲೆ ಯಾರ ಗಾಡಿ ಮುಂದೆ, ಯಾರ ಗಾಡಿ ಹಿಂದೆ ಎಂದು ಅವನಲ್ಲದೆ ಭೌತಶಾಸ್ತ್ರದ ಟೀಚರು ಹೇಳುತ್ತಾರೆಯೇ? ಅವನ ಅಪ್ಪ ಪ್ರಭುಲಿಂಗಪ್ಪ ಪೇಟೆಯಲ್ಲಿ ದಲಾಲಿ ಅಂಗಡಿ ನಡೆಸುತ್ತಿದ್ದಾಗ ಬೇಕಾದವರ ಚೀಲಗಳು ಮೆಲ್ಲಗೆ ತಕ್ಕಡಿಯ ಹತ್ತಿರ ಸರಿಯುತ್ತಿದ್ದವು. ಅದಕ್ಕೆ ಅವರ ಮನೆಯಲ್ಲಿ ಮೋಸ ಎನ್ನುತ್ತಿರಲಿಲ್ಲ, ಸಂಬಂಧ ಎನ್ನುತ್ತಿದ್ದರು. ಕೊಟ್ರೇಶ ಅದನ್ನೇ ಆಫೀಸಿನ ಮಷೀನಿನಲ್ಲಿ ಏಳು ಸಾಲಿನ ಆದೇಶವಾಗಿ ಬರೆದಿದ್ದ. ಸಂಜೆ ಏಳು ಹೊಡೆದರೆ ಊರಿನ ಎಲ್ಲ ವಿಡಿಯೋಗಳೂ ಏದುಸಿರು ಬಿಡಬೇಕು, ಹಳೆಯ ಸಿನಿಮಾ ಮತ್ತು ಕಂಪನಿ ನಾಟಕ ತುಂಬಿದ 'ಮಿಂಚು ಟಾಕೀಸ್' ಒಂದನ್ನು ಬಿಟ್ಟು. ಬೇಸತ್ತ ಜನ ತಾವಾಗಿಯೇ ಟಾಕೀಸಿಗೆ ಬರುತ್ತಿದ್ದರು.

ಬರೆದು ಸುಮ್ಮನಾಗಿದ್ದರೆ ಟೀಚರು ಬದುಕುತ್ತಿದ್ದರು, ಕೊಟ್ರೇಶನೂ ಬದುಕುತ್ತಿದ್ದ. ಆದರೆ ಏಪ್ರಿಲ್ ಮೊದಲ ವಾರ ಅವರು ಹಾವೇರಿಯ ಗ್ರಾಹಕ ಆಯೋಗಕ್ಕೆ ಅರ್ಜಿ ಹಾಕಿದರು. ಆಯೋಗದಿಂದ ಆದೇಶ ಬಂತು. ಟೀಚರ ಓಣಿಯಲ್ಲಿ ಮಿಂಚು ಫೈಬರ್‌ನ ಇಪ್ಪತ್ತಮೂರು ಮನೆಗಳಿವೆ, ಜನವರಿಯಿಂದ ಮಾರ್ಚ್ ತನಕ ಪ್ರತಿ ಸಂಜೆ ಒಂದೊಂದು ಮನೆಗೂ ಎಷ್ಟು ವೇಗ ಸಿಕ್ಕಿದೆ ಎಂಬ ದಾಖಲೆಯನ್ನು ಅಫಿಡವಿಟ್ಟಿನ ಜೊತೆ ನಾಲ್ಕು ವಾರದಲ್ಲಿ ಸಲ್ಲಿಸತಕ್ಕದ್ದು. ಕೊಟ್ರೇಶ ಆದೇಶವನ್ನು ಎರಡು ಸಲ ಓದಿದ. ಆಪಾದನೆ ಸಾಬೀತಾದರೆ ದಂಡ ಕಟ್ಟಿ ಪಾರಾಗುವ ಮಾತಲ್ಲ ಅದು. ಅವನಿಗೆ ಸಗಟು ಇಂಟರ್ನೆಟ್ಟು ಕೊಡುವ ದೊಡ್ಡ ಕಂಪನಿಯ ಕರಾರಿನಲ್ಲಿ ಒಂದು ಸಾಲಿತ್ತು: ಇಂಥದ್ದು ಮಾಡಿ ಸಿಕ್ಕಿಬಿದ್ದರೆ ಸಂಪರ್ಕ ಕಡಿತ. ನಾಲ್ಕು ಸಾವಿರ ಮನೆ ಒಂದೇ ಮಧ್ಯಾಹ್ನಕ್ಕೆ ಹೋಗುತ್ತಿದ್ದವು. ನಲವತ್ತಮೂರನೇ ವಯಸ್ಸಿಗೆ ಅವನು ಮತ್ತೆ ಮೊದಲಿನಿಂದ ಏನು ಶುರು ಮಾಡುವುದು?

ಅವನಿಗೆ ಹೆದರಿಕೆಯಾಯಿತು. ಹೆದರಿಕೆ ಒಂದು ರಾತ್ರಿ ಇತ್ತು. ಬೆಳಗಾಗುವಷ್ಟರಲ್ಲಿ ಅದು ಹೋಗಿ ಅದರ ಜಾಗದಲ್ಲಿ ಒಂದು ಯೋಜನೆ ಕುಳಿತಿತ್ತು, ಮತ್ತು ಆ ಯೋಜನೆ ಅವನಿಗೆ ಬಹಳ ಇಷ್ಟವಾಯಿತು.

ಮೊದಲ ಕೆಲಸವಾಗಿ ಏಳು ಸಾಲಿನ ಆದೇಶವನ್ನು ಅಳಿಸಿದ. ಓಣಿಯ ಜನ ಒಂದು ವಾರ ಸಂಜೆಯ ವಿಡಿಯೋಗಳು ನಿಲ್ಲದೆ ಓಡುವುದನ್ನು ನೋಡಿ ಆಶ್ಚರ್ಯಪಟ್ಟರು, ಆಮೇಲೆ ರೂಢಿಯಾಯಿತು. ಎರಡನೆಯದಾಗಿ, ಮಷೀನಿನಲ್ಲಿ ಖರೇ ದಾಖಲೆ ಕೂತಿದ್ದ ಡಿಸ್ಕನ್ನು ಬಿಚ್ಚಿ ತೆಗೆದ. ಅಳಿಸಿದ್ದನ್ನು ಮತ್ತೆ ಎತ್ತುವ ಜಾಣರಿದ್ದಾರೆಂದು ಅವನಿಗೆ ಗೊತ್ತಿತ್ತು. ಆದ್ದರಿಂದ ಅಳಿಸುವ ಗೋಜಿಗೆ ಹೋಗದೆ ಸುತ್ತಿಗೆಯಿಂದ ಜಜ್ಜಿ, ಮೇಡ್ಲೇರಿಯ ಕಡೆ ಹೊಸ ಲೈನು ನೋಡಲು ಹೋದಾಗ ತುಂಗಭದ್ರೆಗೆ ಎಸೆದು ಬಂದ. ಎಸೆಯುವ ಮುಂಚೆ ಅದರಲ್ಲಿ ಏನಿತ್ತೆಂದು ಒಂದು ಸಲವೂ ತೆರೆದು ನೋಡಲಿಲ್ಲ. ಸುಳ್ಳು ಕಟ್ಟುವವನು ಸತ್ಯವನ್ನು ಪದೇಪದೇ ನೋಡಬಾರದು, ನೋಡಿದರೆ ಕೈ ತಡವರಿಸುತ್ತದೆ ಎಂಬುದು ಅವನ ಸಿದ್ಧಾಂತವಾಗಿತ್ತು. ಸಿದ್ಧಾಂತ ಅವನದೇ, ಆ ದಿನ ಬೆಳಿಗ್ಗೆ ಹುಟ್ಟಿದ್ದು.

ಮೂರನೆಯದು ಹಜರತಅಲಿ. ವೈರು ಜೋಡಿಸುವ ಹಜರತಅಲಿ ಮಿಂಚು ಫೈಬರ್‌ನ ಮೊದಲ ದಿನದಿಂದ ಇದ್ದವನು. ಯಾರ ಮನೆಯ ಇಂಟರ್ನೆಟ್ ಡಬ್ಬಿ ಯಾವ ಗೋಡೆಯಲ್ಲಿದೆ, ಯಾರ ಮನೆಯ ನಾಯಿ ಕಚ್ಚುತ್ತದೆ ಎಲ್ಲ ಅವನಿಗೆ ಬಾಯಿಪಾಠ. ಇಷ್ಟು ತಿಳಿದವನು ಹತ್ತಿರ ಇರಬಾರದು. ಕೊಟ್ರೇಶ ಅವನನ್ನು ಹದಿನೈದು ದಿನ ಮೇಡ್ಲೇರಿಯ ಕೆಲಸಕ್ಕೆ ಹಾಕಿದ. ಮೂರನೆಯ ದಿನ ಹಜರತಅಲಿಯ ಫೋನು ಬಂತು.

"ಸಾಹುಕಾರ್ರ, ಟೀಚರ್ ಓಣೀದ ದಾಖಲಿ ಕೇಳ್ಯಾರಂತಲ್ರಿ. ನಾ ಒಂದ ದಿವಸ ಬಂದು ಮನಿ ಮನಿ ಹೊಕ್ಕು ನೋಡ್ಕೊಂಡ ಬರ್ಲೇನ್ರಿ? ಒಂದೆರಡು ಮನ್ಯಾಗ ಡಬ್ಬಿದು ಏನೈತಿ ಅಂದ್ರ…"

"ಏನೂ ಬ್ಯಾಡ. ಅದೆಲ್ಲಾ ಮಷೀನ್ಯಾಗ ಇರ್ತೈತಿ. ನೀ ಮೇಡ್ಲೇರಿದು ಲಗೂ ಮುಗಸು."

"ಆತ್ರಿ," ಎಂದ ಹಜರತಅಲಿ. ಕೇಳಿದ್ದಕ್ಕಿಂತ ಹೆಚ್ಚು ಹೇಳುವ ಅಭ್ಯಾಸ ಅವನಿಗಿರಲಿಲ್ಲ, ಮತ್ತು ಅದೇ ಕಾರಣಕ್ಕೆ ಕೊಟ್ರೇಶ ಅವನನ್ನು ಇಷ್ಟು ವರ್ಷ ಇಟ್ಟುಕೊಂಡಿದ್ದ.

ಇನ್ನು ನಿಜವಾದ ಕೆಲಸ. ಬಿಲ್ಲಿನ ಪಟ್ಟಿಯನ್ನು ತೆರೆದು, ಓಣಿಯ ಇಪ್ಪತ್ತಮೂರು ಮನೆಗಳನ್ನು ಒಂದರ ಕೆಳಗೊಂದು ಬರೆದುಕೊಂಡ. ಪ್ರತಿ ಮನೆಗೆ ತೊಂಬತ್ತು ಸಂಜೆ, ಪ್ರತಿ ಸಂಜೆಗೆ ಕಾಲು ಗಂಟೆಗೊಂದರಂತೆ ಹನ್ನೆರಡು ಅಂಕಿ. ದಿನಾ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ, ಊರು ಉಂಡು ಅಡ್ಡಾಗುವ ಹೊತ್ತಿನಲ್ಲಿ, ಆಫೀಸಿನ ಶಟರನ್ನು ಅರ್ಧ ಇಳಿಸಿ ಕುಳಿತುಕೊಳ್ಳುತ್ತಿದ್ದ. ಎಲ್ಲವನ್ನೂ ಕಂಪ್ಯೂಟರಿಗೆ ಒಂದು ಸೂತ್ರ ಕೊಟ್ಟು ಕ್ಷಣದಲ್ಲಿ ಹುಟ್ಟಿಸಬಹುದಿತ್ತು. ಆದರೆ ಟೀಚರು ಭೌತಶಾಸ್ತ್ರದವರು. ಸೂತ್ರದಿಂದ ಹುಟ್ಟಿದ ಅಂಕಿಗೆ ಸೂತ್ರದ ವಾಸನೆ ಬಂದೇ ಬರುತ್ತದೆ. ಅವನು ಕೈಯಿಂದಲೇ ತುಂಬಿದ.

ಸಂಜೆಯೆಲ್ಲ ಕಂಪನಿ ಮಾತು ಕೊಟ್ಟ ಐವತ್ತು ಎಂಬಿಪಿಎಸ್ ವೇಗವೇ ಸಿಕ್ಕಿದೆ ಎಂದು ಬರೆಯುವವನು ದಡ್ಡ. ಕೊಟ್ರೇಶ ನಲವತ್ತೇಳು ಬರೆದ, ನಲವತ್ತೊಂಬತ್ತು ಬರೆದ, ಅಲ್ಲೊಂದು ಇಲ್ಲೊಂದು ನಲವತ್ತೆರಡು ಬರೆದ. ಫೆಬ್ರವರಿಯಲ್ಲಿ ಮೆಣಸಿನಕಾಯಿ ಚೀಲ ಎತ್ತರಕ್ಕೆ ಒಟ್ಟಿದ ಲಾರಿಯೊಂದು ಓಣಿಯ ಬಾಯಿಯಲ್ಲಿ ವೈರು ಹರಿದುಕೊಂಡು ಹೋದದ್ದು ಊರಿಗೆಲ್ಲ ಗೊತ್ತಿತ್ತು. ಆ ಸಂಜೆ ಇಪ್ಪತ್ತಮೂರು ಮನೆಗೂ ಸೊನ್ನೆ ಹಾಕಿದ. ತನ್ನ ಕಂಪನಿಯ ತಪ್ಪನ್ನು ತಾನೇ ತೋರಿಸಿಕೊಂಡದ್ದು ಅವನಿಗೆ ವಿಶೇಷ ಸಂತೋಷ ಕೊಟ್ಟಿತು. ಹೋಳಿಯ ಸಂಜೆ ರಾಣೆಬೆನ್ನೂರಿನಲ್ಲಿ ರತಿ ಕಾಮರ ವೇಷದಲ್ಲಿ ನಗದೆ ಕುಳಿತವರನ್ನು ನಗಿಸಲು ಓಣಿಯ ಅರ್ಧ ಗಂಡಸರು ಹೋಗಿರುತ್ತಾರೆ, ಆದ್ದರಿಂದ ಅವತ್ತು ಬಳಕೆ ಕಡಿಮೆ. ಶಿವರಾತ್ರಿಯಂದು ಭಜನೆಯ ವಿಡಿಯೋ, ಬಳಕೆ ಹೆಚ್ಚು.

ಕರೆಂಟನ್ನೂ ಅವನು ಮರೆಯಲಿಲ್ಲ. ಕರೆಂಟಿಲ್ಲದಿದ್ದರೆ ಮನೆಯ ಡಬ್ಬಿ ಸತ್ತಂತೆ, ಡಬ್ಬಿ ಸತ್ತರೆ ಅಂಕಿ ಇರುವುದಿಲ್ಲ. ಇದನ್ನು ಮರೆತು ಸಿಕ್ಕಿಬೀಳುವವರು ಇರುತ್ತಾರೆ, ಆದರೆ ಕೊಟ್ರೇಶ ಅವರಲ್ಲೊಬ್ಬನಲ್ಲ. ಮೂರು ತಿಂಗಳಲ್ಲಿ ಬ್ಯಾಡಗಿಯಲ್ಲಿ ಸಂಜೆ ಯಾವಾಗ ಕರೆಂಟು ಹೋಯಿತು, ಯಾವಾಗ ಬಂತು ಎಂಬ ಸಂದೇಶಗಳು ಅವನ ಫೋನಿನಲ್ಲೇ ಇದ್ದವು. ಅವನ್ನು ನೋಡಿ ನೋಡಿ ಒಂದೊಂದು ಮನೆಯ ಡಬ್ಬಿಯನ್ನೂ ಆರಿಸಿದ, ಮತ್ತೆ ಹೊತ್ತಿಸಿದ. ಈ ಭಾಗ ಮುಗಿದ ದಿನ ಅವನು ಎದ್ದು ನಿಂತು ಬೆನ್ನು ನೆಟ್ಟಗೆ ಮಾಡಿಕೊಂಡು, ತನ್ನಂಥವನು ಹಾವೇರಿ ಜಿಲ್ಲೆಯಲ್ಲಿ ಹುಟ್ಟಿದ್ದು ಜಿಲ್ಲೆಗೆ ಸ್ವಲ್ಪ ಹೆಚ್ಚೇ ಆಯಿತೆಂದುಕೊಂಡ.

ಒಂದು ಕೊರತೆ ಉಳಿಯಿತು. ಮನೆಗಳಲ್ಲಿ ಯಾರು ಯಾವಾಗ ಇದ್ದರು, ಯಾರು ಬೀಗ ಹಾಕಿಕೊಂಡು ಹೋಗಿದ್ದರು ಎಂಬುದು ಅವನಿಗೆ ತಿಳಿಯಬೇಕಿತ್ತು. ಬೀಗ ಹಾಕಿದ ಮನೆಯಲ್ಲಿ ವಿಡಿಯೋ ಓಡಿದರೆ ಟೀಚರು ಹಿಡಿಯುತ್ತಾರೆ. ಅದಕ್ಕೆ ಅವನ ಹತ್ತಿರ ಮಷೀನಿಗಿಂತ ಗಟ್ಟಿಯಾದ ದಾಖಲೆ ಒಂದಿತ್ತು. ಅದು ಅವನ ಸೋದರತ್ತೆ ಸೋಮವ್ವ. ಟೀಚರ ಮನೆಯ ಪಕ್ಕದ ಮನೆಯೇ ಅವಳದು.

ಸೋಮವ್ವ ಪ್ರಭುಲಿಂಗಪ್ಪನ ತಂಗಿ. ಕೊಟ್ರೇಶನನ್ನು ಎತ್ತಿ ಆಡಿಸಿದವಳು. ಅವನು ವೈರಿನ ಧಂದೆ ಹಿಡಿದಾಗ ಅಪ್ಪ ಮಾತು ಬಿಟ್ಟಿದ್ದ, ನೆಂಟರು ನಕ್ಕಿದ್ದರು. ಸೋಮವ್ವ ಮಾತ್ರ ಮೊದಲ ಸಂಪರ್ಕ ನನ್ನ ಮನೆಗೇ ಆಗಬೇಕೆಂದು ಹಟ ಹಿಡಿದು, ಡಬ್ಬಿಗೆ ಆರತಿ ಎತ್ತಿ, ನೆರೆದವರಿಗೆ ಉಂಡಿ ಹಂಚಿದ್ದಳು. ಮಿಂಚು ಫೈಬರ್‌ನ ಪಟ್ಟಿಯಲ್ಲಿ ಒಂದನೇ ನಂಬರು ಅವಳದು. ಅವಳ ಹತ್ತಿರ ಬಿಲ್ಲು ಬೇಡವೆಂದು ಅವನು ಎಷ್ಟೋ ಸಲ ಹೇಳಿದ್ದ. ಅವಳು ಕೇಳಿರಲಿಲ್ಲ. ಪ್ರತಿ ತಿಂಗಳ ಒಂದನೇ ತಾರೀಕು ಬೆಳಿಗ್ಗೆ ಆಫೀಸಿನ ಬಾಗಿಲು ತೆರೆಯುವಾಗ ಅವಳು ಅಲ್ಲಿರುತ್ತಿದ್ದಳು. ಆ ತಿಂಗಳ ಬೋಣಿಗೆ ಅವಳ ಕೈಯಿಂದಲೇ ಆಗಬೇಕು. ಅವಳ ಕೈಗುಣದಿಂದಲೇ ಧಂದೆ ಬೆಳೆದಿದೆ ಎಂದು ಕೊಟ್ರೇಶನೂ ಒಳಗೊಳಗೆ ನಂಬಿದ್ದ. ಹನ್ನೊಂದು ವರ್ಷದಲ್ಲಿ ಒಂದು ತಿಂಗಳೂ ತಪ್ಪಿರಲಿಲ್ಲ.

ಅವನು ಹೋದಾಗ ಅವಳು ಅಡುಗೆಮನೆಯ ಬಾಗಿಲಲ್ಲಿ ಕುಳಿತು ಫೋನಿನಲ್ಲಿ ಸೀರಿಯಲ್ ನೋಡುತ್ತಿದ್ದಳು. ಚಿತ್ರ ಎಲ್ಲೂ ನಿಲ್ಲದೆ ಓಡುತ್ತಿತ್ತು. ಅವನ ಎದೆ ಉಬ್ಬಿತು.

"ಬಾ ಯಪ್ಪಾ, ಕುಂದ್ರು. ರೊಟ್ಟಿ ಬಿಸಿ ಅದಾವ. ಎಣ್ಣಿಗಾಯಿ ಮಾಡೇನಿ."

ತಾಟಿನಲ್ಲಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಗಟ್ಟಿ ಮೊಸರು ಬಂದವು. ಉಣ್ಣುತ್ತ ಅವನು ಒಂದೊಂದೇ ಮನೆಯ ಸುದ್ದಿ ತೆಗೆದ. ಸೋಮವ್ವನಿಗೆ ಅದಕ್ಕಿಂತ ದೊಡ್ಡ ಹಬ್ಬ ಬೇರೆ ಇರಲಿಲ್ಲ. ಹನುಮೇಶನ ಮನೆಯವರು ಪ್ರತಿ ಶನಿವಾರ ಕದರಮಂಡಲಗಿ ಹನುಮಪ್ಪನಿಗೆ ಹೋಗಿ ರಾತ್ರಿಯೇ ಬರುವುದು. ತಿರಕಪ್ಪನ ಮನೆಯವರು ಫೆಬ್ರವರಿಯಲ್ಲಿ ಎಂಟು ದಿನ ಬೀಗ ಹಾಕಿ ಹೊಸರಿತ್ತಿಯ ಬೀಗರ ಮದುವೆಗೆ ಹೋದದ್ದು. ಅವನು ಎಲ್ಲವನ್ನೂ ತಲೆಯಲ್ಲಿ ಬರೆದುಕೊಂಡ. ಇಡೀ ಓಣಿಯಲ್ಲಿ ಅವನು ವಿಚಾರಿಸದೆ ಬಿಟ್ಟದ್ದು ಒಂದೇ ಮನೆ, ತಾನು ಕುಳಿತು ಉಣ್ಣುತ್ತಿದ್ದ ಮನೆ.

"ಮಸರು ಭಾಳ ಚೊಲೋ ಆಗೈತಿ ಅತ್ತಿ."

"ಹೆಪ್ಪು ನಿರ್ಮಲಾನ ಮನೀದು. ಆಕಿ ಮನಿ ಹೆಪ್ಪು ಹಾಕಿದ್ರ ಮಸರು ಕಲ್ಲಾಗತೈತಿ ನೋಡು."

ಕೊಟ್ರೇಶ ಮೊಸರಿನಿಂದ ಕೈ ತೆಗೆದ. "ಆಕಿ ನನ್ನ ಮ್ಯಾಲೆ ಕೇಸ್ ಹಾಕ್ಯಾಳ. ಆಕಿ ಮನೀದ್ಯಾಕ ತರ್ತಿ?"

"ಕೇಸ್ ನಿಮ್ಮಿಬ್ಬರದು. ಓಣ್ಯಾಗ ಇದ್ದಮ್ಯಾಲೆ ಒಬ್ಬರಿಗೊಬ್ಬರು ಕೊಡೂದು ತಗೊಳ್ಳೂದು ಬಿಡಾಕ ಬರತೈತೇನ?" ಎಂದು ಅವಳು ಇನ್ನೊಂದು ರೊಟ್ಟಿ ಹಾಕಿದಳು. ಹೆಂಗಸರ ಈ ಲೆಕ್ಕಾಚಾರ ತನ್ನ ಯೋಜನೆಗೆ ಸಂಬಂಧಿಸಿದ್ದಲ್ಲವೆಂದು ಅವನು ಮಾತು ಬೆಳೆಸಲಿಲ್ಲ.

ಹೊರಡುವಾಗ ದೇವರ ಜಗಲಿಯ ಕಡೆ ಕಣ್ಣು ಹೋಯಿತು. ದೇವರ ಫೋಟೋಗಳ ಪಕ್ಕದಲ್ಲಿ ಅವನ ಮೊದಲ ಡಬ್ಬಿ ಕುಳಿತಿತ್ತು. ಮೈಮೇಲೆ ವಿಭೂತಿ, ಕುಂಕುಮ, ಮುಂಭಾಗ ಮುಚ್ಚುವಂತೆ ಚೆಂಡುಹೂವಿನ ಸರ. ಆ ಮೂಲೆಯಲ್ಲಿ ಎಣ್ಣೆಯ ದೀಪ ಬಿಟ್ಟರೆ ಬೇರೆ ಬೆಳಕಿರಲಿಲ್ಲ. ಕೊಟ್ರೇಶನ ಕಣ್ಣು ತುಂಬಿ ಬಂತು. ನಾಲ್ಕು ಸಾವಿರ ಮನೆಯಲ್ಲಿ ಒಬ್ಬರಾದರೂ ತನ್ನ ಧಂದೆಯನ್ನು ದೇವರಂತೆ ಕಂಡಿದ್ದರು. ಅವನು ದೇವರಿಗೂ ಡಬ್ಬಿಗೂ ಸೇರಿಸಿ ಕೈಮುಗಿದು ಆಫೀಸಿಗೆ ಬಂದು, ಒಂದನೇ ನಂಬರಿನ ಮನೆಯ ತೊಂಬತ್ತು ಸಂಜೆಗಳನ್ನು ಪ್ರೀತಿಯಿಂದ ಬರೆದ. ಅತ್ತೆಯ ಸೀರಿಯಲ್ಲಿನ ಹೊತ್ತು ಅವನಿಗೆ ಗೊತ್ತಿತ್ತು. ಏಳೂವರೆಗೆ ಒಂದು, ಎಂಟೂವರೆಗೆ ಒಂದು. ಆ ಹೊತ್ತಿಗೆ ಸರಿಯಾಗಿ ಗೆರೆ ಏರುತ್ತಿತ್ತು, ಇಳಿಯುತ್ತಿತ್ತು. ಇಡೀ ದಾಖಲೆಯಲ್ಲಿ ಅಷ್ಟು ಚೆಂದದ ಪುಟ ಇನ್ನೊಂದಿರಲಿಲ್ಲ.

ಮೇ ತಿಂಗಳ ಕೊನೆಗೆ ಹಾವೇರಿಯಲ್ಲಿ ವಿಚಾರಣೆ. ಹಿಂದಿನ ತಾರೀಕಿಗೆ ದಾಖಲೆ, ಅಫಿಡವಿಟ್ಟು ಎಲ್ಲ ಸಲ್ಲಿಕೆಯಾಗಿತ್ತು. "ಇದರಲ್ಲಿರುವ ಪ್ರತಿಯೊಂದು ಅಂಕಿಯೂ ಮಷೀನಿನಿಂದ ಬಂದದ್ದು, ನನ್ನ ತಿಳಿವಳಿಕೆಯ ಮಟ್ಟಿಗೆ ಸತ್ಯ" ಎಂದು ಕೊಟ್ರೇಶ ಪ್ರಮಾಣ ಮಾಡಿ ಸಹಿ ಹಾಕಿದ್ದ. ಟೀಚರು ವಕೀಲರಿಲ್ಲದೆ ಒಬ್ಬರೇ ಬಂದಿದ್ದರು. ಅವರು ದಾಖಲೆಯನ್ನು ಮೂರು ವಾರ ಓದಿ ತಪ್ಪು ಹುಡುಕಿದ್ದರು. ಸಿಕ್ಕಿರಲಿಲ್ಲ. ಅವರ ಮುಖ ನೋಡಿದರೇ ಅದು ಗೊತ್ತಾಗುತ್ತಿತ್ತು, ಮತ್ತು ಕೊಟ್ರೇಶ ಆ ಮುಖವನ್ನು ಬಿಡುವಿಲ್ಲದೆ ನೋಡುತ್ತಿದ್ದ.

"ಸರ್, ದಾಖಲಿ ಬರದವರೂ ಅವರ, ಇಟ್ಟಕೊಂಡವರೂ ಅವರ," ಎಂದರು ಟೀಚರು. "ನಮ್ಮ ಮನ್ಯಾಗ ಸಂಜಿಮುಂದ ನಿಂತ ನಿಂತ ಬರ್ತಿತ್ತು ಅಂತ ನಾ ಹೇಳತೇನಿ. ನಲವತ್ತೆಂಟು ಇತ್ತು ಅಂತ ಅವರ ಕಾಗದ ಹೇಳತೈತಿ. ಕಾಗದ ಖರೇ ಅಂತ ಹೇಳೋ ಒಬ್ಬ ಗ್ರಾಹಕರನ್ನರ ಅವರು ಕರಸ್ಲಿ."

ಕೊಟ್ರೇಶ ಇದಕ್ಕೂ ತಯಾರಾಗಿಯೇ ಬಂದಿದ್ದ. ಸಾಕ್ಷಿ ಬೇಡ, ಕಾಗದ ಗಟ್ಟಿಯಾಗಿದೆ, ಸುಮ್ಮನಿರಿ ಎಂದು ಅವನ ವಕೀಲರು ಮೊದಲೇ ಹೇಳಿದ್ದರು. ಗೆಲ್ಲುವುದಷ್ಟೇ ಅವನಿಗೆ ಸಾಕಾಗಿರಲಿಲ್ಲ. ಟೀಚರ ಪಕ್ಕದ ಮನೆಯವಳೇ, ಅವರು ಹೆಪ್ಪು ಕೊಡುವ ಮನೆಯವಳೇ ಅವರ ಎದುರು ನಿಂತು ಮಾತಾಡಬೇಕು. ಅವನು ಹೊರಗೆ ಹೋಗಿ, ಬೆಳಿಗ್ಗೆಯೇ ಕಾರಿನಲ್ಲಿ ಕರೆತಂದು ಬೆಂಚಿನ ಮೇಲೆ ಕೂಡಿಸಿದ್ದ ಸೋಮವ್ವನನ್ನು ಒಳಗೆ ಕರೆತಂದ. ಹೊಸ ಇಳಕಲ್ ಸೀರೆ, ಕೈಯಲ್ಲಿ ಬುತ್ತಿಯ ಗಂಟು. ದಾರಿಯುದ್ದಕ್ಕೂ ಅವನು ಅವಳಿಗೆ ಹೇಳಿಕೊಟ್ಟದ್ದು ಒಂದೇ ಮಾತು: ನನ್ನ ಸಂಪರ್ಕದ ಬಗ್ಗೆ ಕೇಳಿದರೆ ಖರೇ ಇದ್ದದ್ದು ಹೇಳು. ಸುಳ್ಳು ಹೇಳು ಎಂದರೆ ಅವಳು ಬರುವವಳಲ್ಲ ಎಂದು ಅವನಿಗೆ ಗೊತ್ತಿತ್ತು. ಅವಳ ಪ್ರೀತಿಯೊಂದೇ ಸಾಕಿತ್ತು.

"ಇವರು ನಿಮಗೇನಾಗಬೇಕು?" ಎಂದು ಆಯೋಗದ ಅಧ್ಯಕ್ಷರು ಕೊಟ್ರೇಶನನ್ನು ಕೇಳಿದರು.

"ಸೋದರತ್ತಿರಿ."

"ಇರಲಿ. ಸಂಬಂಧಿಕರೂ ಸತ್ಯ ಹೇಳಬಹುದು." ಅಧ್ಯಕ್ಷರು ಸೋಮವ್ವನ ಕಡೆ ತಿರುಗಿದರು. "ನಿಮ್ಮ ಮನ್ಯಾಗ ಇವರ ಸಂಪರ್ಕ ಐತೇನಮ್ಮಾ?"

"ಐತ್ರಿ. ಊರಾಗ ಮೊದಲನೇದು ನಂದ."

"ಅದರಿಂದ ಏನರ ತಕರಾರು?"

"ಏನಿಲ್ರಿ. ಹನ್ನೊಂದ ವರ್ಷದಾಗ ಒಂದ ದಿವಸ ತ್ರಾಸ ಕೊಟ್ಟಿಲ್ಲ."

ಗುಮಾಸ್ತ ಅದನ್ನು ಬರೆದುಕೊಂಡ. ಕೊಟ್ರೇಶ ಕುರ್ಚಿಗೆ ಒರಗಿದ. ಟೀಚರಿಗೆ ಕೇಳುವುದೇನಾದರೂ ಇದೆಯೇ ಎಂದು ಅಧ್ಯಕ್ಷರು ಕೇಳಿದರು. ಟೀಚರು ಎದ್ದು ನಿಂತು, ಸೋತವರು ಮಾತಾಡುವ ಹಾಗೆ ಮೆಲ್ಲಗೆ ಅಂದರು:

"ಸೋಮವ್ವತ್ತಿ, ಫೆಬ್ರವರಿಯಾಗ ನೀವ ನಮ್ಮ ಮನಿಗೆ ಬಂದು, ಸಂಜಿಮುಂದ ಸೀರಿಯಲ್ ಹಚ್ಚಿದ್ರ ಬರೇ ಗಿರಗಿರ ತಿರಗತೈತಿ ಅಂದಿದ್ರಿ. ನೆನಪೈತೇನ್ರಿ?"

ಕೊಟ್ರೇಶ ತಟ್ಟನೆ ನೆಟ್ಟಗೆ ಕುಳಿತ. ಸೋದರಳಿಯನ ಮುಖ ಕಪ್ಪಿಟ್ಟದ್ದನ್ನು ಸೋಮವ್ವ ನೋಡಿದಳು. ಅವನಿಗೆ ಅನ್ಯಾಯವಾಗುತ್ತಿದೆ ಎಂದುಕೊಂಡಳು. ಹನ್ನೊಂದು ವರ್ಷದ ಹಿಂದೆ ನೆಂಟರ ಎದುರು ನಿಂತ ಹಾಗೆಯೇ ಈಗಲೂ ಅವಳು ಬುತ್ತಿಯ ಗಂಟು ಮೇಜಿನ ಮೇಲಿಟ್ಟು ಮುಂದೆ ಬಂದಳು.

"ಅಂದಿದ್ನೆವ್ವಾ, ನಾ ಎಲ್ಲಿ ಇಲ್ಲಂದೆ? ಖರೇ, ಆವಾಗ ದಿನಾ ಗಿರಗಿರ ತಿರಗತಿತ್ತು. ಆದರ ಅದು ನಿನ್ನ ಮನಿ ವೈಫೈ. ಹೆಪ್ಪು ಒಯ್ಯಾಕ ಬಂದಾಗ ನಿನ್ನ ಮಗಳು ದೀಪಿಕಾ ನನ್ನ ಫೋನಿಗೆ ಹಾಕಿ ಕೊಟ್ಟಾಳ, ನಾ ನೋಡೂದೆಲ್ಲಾ ಅದರಾಗ. ನಿನ್ನ ಮನೀದು ನಿಂತರ ಅದಕ್ಕ ನನ್ನ ಕೊಟ್ರೇಶ ಏನ ಮಾಡ್ಯಾನು? ಅವನ ಡಬ್ಬಿಗೆ ಯಾರೂ ಒಂದ ಮಾತ ಅನಬ್ಯಾಡ್ರಿ. ಮೊದಲನೇ ದೀಪಾವಳಿಗೆ ಲಕ್ಷ್ಮೀ ಪೂಜಿಗಂತ ವೈರ್ ಕಿತ್ತು ಜಗಲಿ ಮ್ಯಾಲೆ ಇಟ್ಟೇನ್ರಿ, ಅವತ್ತಿನಿಂದ ಅದನ್ನ ಕರೆಂಟಿಗೆ ಹಚ್ಚೇ ಇಲ್ಲ. ಬೇಕಾದ್ರ ಹಜರತಅಲಿನ್ನ ಕೇಳ್ರಿ, ಅವ ನೋಡ್ಯಾನ." ಟೀಚರು ತಮ್ಮ ಕಾಗದಗಳನ್ನು ಬಿಟ್ಟು ಮೊದಲ ಸಲ ಕೊಟ್ರೇಶನನ್ನು ನೋಡಿದರು. ಕೊಟ್ರೇಶ ಯಾರನ್ನೂ ನೋಡಲಿಲ್ಲ. ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು ದಾಖಲೆಯ ಮೊದಲ ಪುಟ ತೆಗೆದು, ಒಂದನೇ ನಂಬರಿನ ಮನೆಯ ಸಾಲುಗಳ ಮೇಲೆ ಬೆರಳಿಟ್ಟು ನಿಧಾನವಾಗಿ ಕೆಳಗೆ ಬಂದರು. ಮಾರ್ಚ್ ಒಂಬತ್ತರ ಸಂಜೆ ಏಳೂವರೆಗೆ ಸೋಮವ್ವನ ಡಬ್ಬಿ ನಲವತ್ತೊಂಬತ್ತರ ವೇಗದಲ್ಲಿ ಸೀರಿಯಲ್ ತೋರಿಸುತ್ತಿತ್ತು, ಏಳೂಮುಕ್ಕಾಲಿಗೆ ಊರಿನ ಕರೆಂಟು ಹೋದಾಗ ಆರಿತ್ತು, ಎಂಟೂಕಾಲಿಗೆ ಕರೆಂಟು ಬಂದ ಕೂಡಲೇ ಮತ್ತೆ ಹೊತ್ತಿಕೊಂಡಿತ್ತು.